ಗೋದಾಮು ನೋಡಲು ಜನ ಬರುತ್ತಾರೆ
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಇಂದು ನಮ್ಮ ಸಂಘಕ್ಕೆ ಬೆಳ್ಳಿ ಹಬ್ಬ. ಈ ದಿನ ಕೆನಡಾ ದೇಶದ ರೈತರ ಮಾತು ಯಾಕಪ್ಪಾ ಅಂತ ನೀವು ಕೇಳಬಹುದು. ನಾನು ಆ ದೇಶ ಕಂಡವನಲ್ಲ, ಓದಿ ತಿಳಿದವನು. ಅಲ್ಲಿ ಜನ ಪ್ರವಾಸ ಹೋಗಿ ರೈತರ ಹಳೇ ಗೋದಾಮು ನೋಡುತ್ತಾರೆ ಅಂತ ಓದಿದಾಗ ನಿಮ್ಮ ಮುಂದೆ ಹೇಳಬೇಕೆನಿಸಿತು.

ಕೆನಡಾದ ಮ್ಯಾನಿಟೋಬ, ಸಸ್ಕ್ಯಾಚೆವಾನ್, ಆಲ್ಬರ್ಟ ಪ್ರಾಂತ್ಯಗಳಲ್ಲಿ ಪ್ರೇರಿ ಎಂಬ ದೊಡ್ಡ ಹುಲ್ಲುಬಯಲು ಇದೆ. ಮೊದಲು ಅದು ಬೈಸನ್ ಎಂಬ ಕಾಡುಕೋಣ ಬೇಟೆಯಾಡಿ ಬದುಕಿದ ಮೂಲನಿವಾಸಿಗಳ ನೆಲ. ಆಲ್ಬರ್ಟದಲ್ಲಿ ಅವರು ಬೇಟೆಯಾಡುತ್ತಿದ್ದ ಒಂದು ಕಡಿದಾದ ಬೆಟ್ಟದಂಚು 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆಮೇಲೆ ಆ ಬಯಲಿಗೆ ರೈಲು ಬಂತು, ಒಕ್ಕಲುತನ ಬಂತು, ಗೋಧಿ ಬಂತು.

ಗೋಧಿ ತುಂಬಲು ಹಳಿಯ ಪಕ್ಕದಲ್ಲಿ ಮರದ ಎತ್ತರದ ಕಣಜ ಕಟ್ಟಿದರು. ಅದಕ್ಕೆ ಎಲಿವೇಟರ್ ಅಂತಾರೆ. ನಮ್ಮ ಹಿರಿಯರ ಹಗೇವು ನೆಲದೊಳಗೆ, ಅವರ ಕಣಜ ಮುಗಿಲಿಗೆ! ಗಾಡಿ ಒಳಗೆ ಹೋಗಿ ತೂಕವಾದ ಮೇಲೆ ಕಾಳು ಕೆಳಗಿನ ಗುಂಡಿಗೆ ಬೀಳುತ್ತದೆ. ಪಟ್ಟಿಗೆ ಜೋಡಿಸಿದ ಬಟ್ಟಲುಗಳು ಅದನ್ನು ಮೇಲಕ್ಕೊಯ್ದು ಕೋಣೆಗಳಿಗೆ ಸುರಿಯುತ್ತವೆ. ಅಲ್ಲಿಂದ ಕಾಳು ತಾನೇ ಇಳಿದು ರೈಲು ಡಬ್ಬಿ ತುಂಬುತ್ತದೆ.

ಆದರೆ ಕಣಜ ಕಂಪನಿಯವರದು, ತಕ್ಕಡಿಯೂ ಅವರದೇ. ರೈತ ನೇರವಾಗಿ ಕಳಿಸೋಣವೆಂದರೆ ರೈಲು ಡಬ್ಬಿ ಸಿಗದು. ಆಗ 1901ರಲ್ಲಿ ಇಂಡಿಯನ್ ಹೆಡ್ ಎಂಬ ಊರಲ್ಲಿ ಡಬ್ಲ್ಯು. ಆರ್. ಮದರ್‌ವೆಲ್ ಎಂಬ ರೈತರು ಮುಂದೆ ನಿಂತು ಸಂಘ ಕಟ್ಟಿದರು. 1902ರಲ್ಲಿ ಡಬ್ಬಿಯ ವ್ಯಾಜ್ಯವನ್ನು ಕೋರ್ಟಿನಲ್ಲೇ ಗೆದ್ದರು. ಅವರ ಕಲ್ಲಿನ ಮನೆ ಈಗ ರಾಷ್ಟ್ರೀಯ ಸ್ಮಾರಕ. 1924ರಲ್ಲಿ ಸಸ್ಕ್ಯಾಚೆವಾನ್ ರೈತರು ಗೋಧಿ ಮಾರಲು ತಮ್ಮದೇ ಸಹಕಾರ ಸಂಘ ಮಾಡಿ, ಮುಂದೆ ಊರೂರಿಗೂ ಸ್ವಂತ ಕಣಜ ಮಾಡಿಕೊಂಡರು.

1930ರ ದಶಕದಲ್ಲಿ ಆ ಸೀಮೆಯಲ್ಲಿ 5,000ಕ್ಕೂ ಹೆಚ್ಚು ಕಣಜಗಳಿದ್ದವು. ಮುಂದೆ ಲಾರಿ ಬಂತು, ಕಾಂಕ್ರೀಟಿನ ಭಾರಿ ಕಣಜ ಬಂತು, ಸಣ್ಣ ರೈಲು ಮಾರ್ಗಗಳು ಮುಚ್ಚಿದವು. ಮರದ ಕಣಜಗಳನ್ನು ಒಂದೊಂದಾಗಿ ಕೆಡವಿದರು. ಮ್ಯಾನಿಟೋಬದ ಇಂಗ್ಲಿಸ್ ಎಂಬ ಹಳ್ಳಿಯಲ್ಲಿ ಮಾತ್ರ ಐದು ಕಣಜಗಳ ಸಾಲನ್ನು ಊರಿನವರೇ ಮುತುವರ್ಜಿ ವಹಿಸಿ ಉಳಿಸಿಕೊಂಡರು. ಅದೂ ಈಗ ರಾಷ್ಟ್ರೀಯ ಸ್ಮಾರಕ, ನೋಡಲು ಜನ ಬರುತ್ತಾರೆ.

ಮುಖ್ಯ ಮಾತು ಇನ್ನು ಮುಂದಿದೆ. ಆ ಸಸ್ಕ್ಯಾಚೆವಾನ್ ಸಂಘದ ಷೇರು 1996ರಲ್ಲಿ ಪೇಟೆಗೆ ಬಂತು. 2007ರಲ್ಲಿ ಹಳೇ ಹೆಸರೂ ಹೋಯಿತು. ರೈತರ ಸಂಘ ಕಂಪನಿಯಾಯಿತು. ಕಣಜ ಕೆಲವು ಉಳಿದವು, ಸಂಘ ಉಳಿಯಲಿಲ್ಲ.

ನಮ್ಮ ಮೊದಲ ಗೋದಾಮು ಕೆಡವಿ ಮಳಿಗೆ ಕಟ್ಟೋಣ ಎಂಬ ಮಾತು ಆಡಳಿತ ಮಂಡಳಿಯಲ್ಲಿ ಬಂದಿದೆ. ನಾನೂ ಹೂಂ ಅಂದವನೇ. ಈಗ ಬೇಡ ಅನ್ನುತ್ತೇನೆ. ಅದರ ಕಲ್ಲು ಹೊತ್ತವರು ಈ ಸಭೆಯಲ್ಲೇ ಕೂತಿದ್ದಾರೆ. ಒಂದು ಕೋಣೆಯಲ್ಲಾದರೂ ಮೊದಲ ತಕ್ಕಡಿ, ಮೊದಲ ಲೆಕ್ಕದ ಪುಸ್ತಕ ಇಡೋಣ, ಮಕ್ಕಳು ನೋಡಲಿ.

ಆದರೆ ಗೋದಾಮು ಉಳಿಸಿದರೆ ಸಾಲದು. ಕಳೆದ ಮಹಾಸಭೆಯಲ್ಲಿ ಕೋರಂ ಆಗದೆ ಅರ್ಧ ತಾಸು ಕಾದೆವು. ಹೀಗೇ ಆದರೆ ನಾಳೆ ನಮ್ಮ ಸಂಘವೂ ಬರೀ ನೋಡುವ ವಸ್ತುವಾದೀತು. ಸಭೆಗೆ ಬನ್ನಿ, ಲೆಕ್ಕ ಕೇಳಿ, ತಪ್ಪಿದರೆ ನಮ್ಮನ್ನೂ ಬೈಯಿರಿ.

ಜೈ ಸಹಕಾರ.