ಬದುವಿನ ಆಚೆ ಬಿದ್ದ ಚುಕ್ಕೆ



ಈ ವಿಜ್ಞಾನ ಪ್ರದರ್ಶನದ ಉದ್ಘಾಟನೆಗೆ ನನ್ನನ್ನು ಕರೆದಿದ್ದೀರಿ. ನಾನು ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಹೊಲಗಳಲ್ಲಿ ಮೋಜಣಿ ಮಾಡುತ್ತ ವಯಸ್ಸು ಕಳೆದವನು. ಸರಪಳಿ ಎಳೆದವನು ಉಪಗ್ರಹದ ಮಾತು ಯಾಕೆ ಆಡಬೇಕು? ಅದಕ್ಕೊಂದು ಕಾರಣವಿದೆ.

ಹೋದ ಮುಂಗಾರಿನಲ್ಲಿ ನರಗುಂದದ ಕಡೆಯ ಒಬ್ಬ ಹಿರಿಯ ರೈತರು ಬೆಳೆ ಸಮೀಕ್ಷೆಗೆ ಚಿತ್ರ ತೆಗೆಯಲೆಂದು ಮೊಮ್ಮಗನ ಫೋನು ಹಿಡಿದು ಹೊಲದಲ್ಲಿ ನಿಂತಿದ್ದರು. ಹೆಸರುಗಿಡ ಮೊಣಕಾಲೆತ್ತರ ಬಂದಿತ್ತು. ಕಾಲಡಿಯ ಮಣ್ಣು ಅವರದೇ. ಫೋನಿನ ನೀಲಿ ಚುಕ್ಕೆ ಮಾತ್ರ ಬದು ದಾಟಿ ಪಕ್ಕದ ಸರ್ವೆ ನಂಬರಿನಲ್ಲಿ ಕೂತಿತ್ತು. “ಸಾಹೇಬ್ರ, ನಾ ನಿಂತದ್ದು ನನ್ನ ಹೊಲದಾಗ, ಇದು ನನ್ನ ಮಂದಿ ಹೊಲದಾಗ ನಿಂದ್ರಸೇತಲ್ರಿ” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಚಿತ್ರ ಬೇರೆ ನಂಬರಿಗೆ ಹೋದರೆ ವಿಮೆಯ ಗತಿಯೇನು ಎಂಬ ಅಂಜಿಕೆ.

ತೆರೆದ ಆಕಾಶದ ಕೆಳಗೂ ಫೋನು ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಅಂದರೆ 16 ಅಡಿ. ನಮ್ಮ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ಹಾಗಾದರೆ ಫೋನಿನ ತಪ್ಪೇ ಅರ್ಧ ಸರಪಳಿ! ಲಾರಿಗೆ, ಹಡಗಿಗೆ ಅಷ್ಟು ಸಾಕು. ಬದುವಿಗೆ ಸಾಲದು. ಒಂದು ಮೊಳ ನೆಲಕ್ಕಾಗಿ ಎರಡು ತಲೆಮಾರು ಕೋರ್ಟು ಅಲೆದ ಮನೆತನಗಳನ್ನು ನೀವೂ ಬಲ್ಲಿರಿ.

ಫೋನಿಗೆ ಜಾಗ ತಿಳಿಸುವ ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹಗಳು ಇನ್ನೂ ಮೇಲೆ, ಸುಮಾರು 36,000 ಕಿಲೋಮೀಟರ್. ಅಲ್ಲಿಂದ ಇಳಿದು ಬರುವ ಸಂಕೇತ ಬಲು ಕ್ಷೀಣ. ಆ ಸಂಕೇತ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದಲೇ ದೂರದ ಲೆಕ್ಕ. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು ಗಡಿಯಾರ ತಪ್ಪಿದರೂ ಅಳತೆ ಒಂದು ಅಡಿ ತಪ್ಪುತ್ತದೆ. 2013ರಲ್ಲಿ ಹಾರಿದ ನಮ್ಮ ಮೊದಲ ನಾವಿಕ್ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟಾಗ ಮೋಜಣಿಯವನಾದ ನನಗೆ ಆದ ಸಂಕಟ ಮನೆಯವರಿಗೆ ತಿಳಿಯಲಿಲ್ಲ. 2025ರ ಜನವರಿ 29ರಂದು ಶ್ರೀಹರಿಕೋಟಾದ ನೂರನೇ ಉಡಾವಣೆಯಲ್ಲಿ ಹೋದ ನಾವಿಕ್ ಉಪಗ್ರಹ ಎನ್‌ವಿಎಸ್-02 ತನ್ನ ಕಕ್ಷೆ ಮುಟ್ಟದೇ ಉಳಿಯಿತು. ನಾವಿಕ್‌ನಂಥ ಏಳೇ ಎತ್ತಿನ ಕಮತದಲ್ಲಿ ಒಂದು ಕುಂಟಿದರೂ ಬಿತ್ತನೆ ಸೊರಗುತ್ತದೆ.

ಹಾಗಾದರೆ ಉಪಗ್ರಹವನ್ನು ಕೆಳಗೆ ತಂದರೆ? ಒಳಗಿನ ಕೋಣೆಯಲ್ಲಿ ಒಬ್ಬ ಹುಡುಗಿ ಇದನ್ನೇ ತೋರಿಸಿದಳು. ಒಂದೇ ನಮೂನೆಯ ಎರಡು ಬ್ಯಾಟರಿ, ಒಂದು ಗೋಡೆಯ ಹತ್ತಿರ, ಇನ್ನೊಂದು ಬಾಗಿಲ ಬಳಿ. ಬಾಗಿಲ ಬ್ಯಾಟರಿಯ ಬೆಳಕು ಗೋಡೆಯಲ್ಲಿ ಕಂಡೂ ಕಾಣದಂತಿತ್ತು. ತಂಗಿ, ನಿನ್ನ ಲೆಕ್ಕ ಸರಿಯಾಗಿದೆ. ಜಿಪಿಎಸ್ ಎತ್ತರದಿಂದ 1,000 ಕಿಲೋಮೀಟರಿಗೆ ಇಳಿಸಿದರೆ ದೂರ 20 ಪಟ್ಟು ಕಡಿಮೆ, ಅದೇ ದೀಪದ ಬೆಳಕು 400 ಪಟ್ಟು ಹೆಚ್ಚು.

ನನಗೆ ಬೆಳಕಿಗಿಂತ ಉಪಗ್ರಹದ ಓಟವೇ ದೊಡ್ಡದು. ಗಜೇಂದ್ರಗಡದ ಗುಡ್ಡದ ಮರೆಯಲ್ಲಿ, ಫೋನಿನ ನೆಟ್‌ವರ್ಕ್ ಸಿಗದ ಕಡೆ, ಉಪಗ್ರಹದ ಸಂಕೇತ ಹಿಡಿಯುವ ರೋವರ್ ಕಂಬ ನೆಟ್ಟಗೆ ಹಿಡಿದು ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದೇನೆ. ನೆರವು ಕೊಡುವ ನೆಲದ ಕೇಂದ್ರದ ಸುದ್ದಿ ಬಾರದಿದ್ದರೆ ಅಳತೆ ಸೆಂಟಿಮೀಟರಿಗೆ ಕೂಡಲು ಅಷ್ಟು ಹೊತ್ತು ಬೇಕು. ಜಿಪಿಎಸ್ ಉಪಗ್ರಹ ಭೂಮಿ ಸುತ್ತಲು ಸುಮಾರು 12 ಗಂಟೆ ತೆಗೆದುಕೊಳ್ಳುತ್ತದೆ, ನಮ್ಮ ಕಣ್ಣಿಗೆ ಅದು ನಿಂತಂತೆಯೇ. ದೂರದ ಗುಡಿಯ ಶಿಖರ ಎಷ್ಟು ದೂರ ಎಂದು ತಿಳಿಯಲು ನಾವು ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ನೋಡುತ್ತೇವಲ್ಲ? ಕೆಳಗಿನ ಉಪಗ್ರಹವಾದರೆ ಗುರುತೇ ಸರಿಯುತ್ತದೆ. ಕಾಲಕಾಲೇಶ್ವರನ ಗುಡ್ಡದ ಈ ಬದಿಗೆ ಮೂಡಿ ಸುಮಾರು ಕಾಲು ಗಂಟೆಯಲ್ಲಿ ಆ ಬದಿಗೆ ಮುಳುಗುತ್ತದೆ. ಅರ್ಧ ಗಂಟೆಯ ಕೆಲಸ ಕೆಲವೇ ನಿಮಿಷಕ್ಕೆ ಬರುವುದು ಈ ಓಟದಿಂದ.

ಉಪಗ್ರಹದ ಓಟದಿಂದ ಜಾಗ ತಿಳಿಯುವುದು ಹೊಸ ವಿದ್ಯೆಯೂ ಅಲ್ಲ. ಹೊಳೆಆಲೂರು ದಾಟುವ ರೈಲಿನ ಸಿಳ್ಳು ಹತ್ತಿರ ಬರುವಾಗ ಒಂದು ಸ್ವರ, ದೂರ ಹೋಗುವಾಗ ಇನ್ನೊಂದು. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ಅದರ ದನಿಯ ಇಂಥ ಏರಿಳಿತ ಕೇಳಿಯೇ ಅದರ ದಾರಿ ಲೆಕ್ಕ ಹಾಕಿದರು. ಮುಂದೆ ಅದನ್ನೇ ತಿರುವಿ, ದಾರಿ ಗೊತ್ತಿದ್ದರೆ ಕೇಳುವವನ ಜಾಗ ತಿಳಿಯುತ್ತದೆಂದು ಟ್ರಾನ್ಸಿಟ್ ಎಂಬ ಉಪಗ್ರಹ ವ್ಯವಸ್ಥೆ ಕಟ್ಟಲಾಯಿತು. ಆ ಉಪಗ್ರಹಗಳು ಸುಮಾರು 1,100 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದವು. 2021ರಲ್ಲಿ ಅಮೆರಿಕದ ಸಂಶೋಧಕರು ಇಂಟರ್‌ನೆಟ್ಟಿಗೆಂದು ಹಾರಿಸಿದ ಆರು ಸ್ಟಾರ್‌ಲಿಂಕ್ ಉಪಗ್ರಹಗಳ ದನಿಯನ್ನಷ್ಟೇ ಕೇಳಿ 8 ಮೀಟರಿನೊಳಗೆ ಜಾಗ ಗುರುತಿಸಿದರು. ಈ ಕೆಲಸಕ್ಕೆಂದೇ ಮಾಡಿದ ಉಪಗ್ರಹಗಳೂ ಈಗ ಹಾರತೊಡಗಿವೆ.

ಉಪಗ್ರಹ ಕೆಳಗಿದ್ದಷ್ಟೂ ಒಂದೊಂದಕ್ಕೆ ಕಾಣುವ ನೆಲ ಕಡಿಮೆ, ಅದಕ್ಕೆ ನೂರಾರು ಬೇಕು. ಆದರೆ ಅವು ಮೇಲಿನವುಗಳಿಂದಲೇ ಹೊತ್ತು ಕೇಳಿಕೊಳ್ಳಬಲ್ಲವು, ದುಬಾರಿ ಗಡಿಯಾರ ಹೊರಬೇಕಿಲ್ಲ. ನೂರರಲ್ಲಿ ಒಂದು ಕೆಟ್ಟರೆ ಕಮತ ನಿಲ್ಲುವುದೂ ಇಲ್ಲ. ಬ್ಯಾಲಾಳುವಿನಲ್ಲಿ ನಾವಿಕ್ ಕೇಂದ್ರ, ಹಾಸನದಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರ ಇರುವ ನಾಡು ನಮ್ಮದು. ನಾವಿಕ್‌ಗೆ ಇಂಥ ಕೆಳಗಿನ ಜೊತೆಗಾರರು ಬೇಕೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರೈತ ಬಂಧುಗಳಿಗೆ ಇನ್ನೊಂದು ಮಾತು. ನೀನು ಎಲ್ಲಿದ್ದೀ ಎಂದು ಉಪಗ್ರಹ ಹೇಳುತ್ತದೆ, ಹೊಲ ಯಾರದು ಎಂದು ಹೇಳುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿ ಇಳಿದ ಮೇಲೆ ಎಷ್ಟೋ ಕಡೆ ಬದು ಕೊಚ್ಚಿಹೋಗಿತ್ತು, ಬಾಂದುಕಲ್ಲು ರೇವೆಯಲ್ಲಿ ಹೂತಿತ್ತು. ಕಲ್ಲು ಇರುವಾಗಲೇ ಅದರ ಜಾಗ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದಿಟ್ಟಿದ್ದರೆ, ನೀರು ಇಳಿದ ಮರುದಿನವೇ ಅಲ್ಲಿ ಗೂಟ ಹೊಡೆಯಬಹುದಿತ್ತು. ಈಗ ಉಳಿದಿರುವ ಕಲ್ಲುಗಳನ್ನಾದರೂ ಹಾಗೆ ಬರೆಸಿಕೊಳ್ಳಿ.

ಹೊರಗೆ ಮೈದಾನದಲ್ಲಿ ಮಕ್ಕಳು ಹಳೆಯ ಸರಪಳಿ ಎಳೆದು, ನಾಲ್ಕು ಮೂಲೆಗೆ ಗೂಟ ಹೊಡೆದು, ಒಂದು ಗುಂಟೆ ಗುರುತಿಸಿದ್ದಾರೆ. ದೀಪ ಹಚ್ಚಿದ ಮೇಲೆ ನಾನು ಮೊದಲು ಅಲ್ಲಿಗೇ ಬರುತ್ತೇನೆ. ನೀವೂ ಫೋನು ತೆಗೆದುಕೊಂಡು ಬನ್ನಿ. ನಟ್ಟನಡುವೆ ನಿಂತು, ಚುಕ್ಕೆ ಗುಂಟೆಯೊಳಗೆ ಬಿತ್ತೋ ಹೊರಗೆ ಬಿತ್ತೋ ಬ್ಯಾಟರಿ ತೋರಿಸಿದ ಆ ಹುಡುಗಿಯ ವಹಿಯಲ್ಲಿ ಬರೆಸೋಣ.