ರೂಮಾನಿಯದ ಒಂದು ಬೆಟ್ಟದ ಗ್ರಾಮ

ಯೂರೋಪಿನ ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ, ಅದರ ಆಗ್ನೇಯ ಭಾಗದಲ್ಲಿ, ಕಪ್ಪು ಸಮುದ್ರಕ್ಕೆ ಪಶ್ಚಿಮವಾಗಿ ರೂಮಾನಿಯ ದೇಶವು ಕಾಣಬರುತ್ತದೆ. ಆ ದೇಶದ ನಡುವೆ ಕಾರ್ಪಾಥಿಯನ್ ಪರ್ವತಗಳು ಕುಡುಗೋಲಿನಂತೆ ಬಾಗಿ ನಿಂತಿವೆ. ಉತ್ತರದಿಂದ ದಕ್ಷಿಣಕ್ಕೆ ಇಳಿದುಬಂದ ಶ್ರೇಣಿಯು ಒಂದೆಡೆ ಥಟ್ಟನೆ ಪಶ್ಚಿಮಕ್ಕೆ ತಿರುಗುತ್ತದೆ. ಈ ತಿರುವಿನ ಹೊರಮೈಯಲ್ಲಿರುವ ಪ್ರಾಂತಕ್ಕೆ ವ್ರಾಂಚ ಎಂದು ಹೆಸರು. ಅದರ ಒಳಭಾಗದಲ್ಲಿ, ಜಬಲ ಎಂಬ ಹೊಳೆಯ ಕಣಿವೆಯಲ್ಲಿ, ನೆರೇಜು ಎಂಬ ಗ್ರಾಮವುಂಟು. ದೊಡ್ಡ ಭೂಪಟಗಳಲ್ಲಿ ಈ ಹೆಸರು ಸಿಕ್ಕಲಾರದು. ಆದರೂ ಸಮಾಜಶಾಸ್ತ್ರವನ್ನು ಅಭ್ಯಾಸಮಾಡುವವರು ಈ ಗ್ರಾಮದ ಹೆಸರನ್ನು ಗೌರವದಿಂದ ಹೇಳುತ್ತಾರೆ. ಇದಕ್ಕೆ ಕಾರಣ ಅಲ್ಲಿನ ಕಾಡು. ಆ ಕಾಡು ಯಾವ ಒಬ್ಬನದೂ ಅಲ್ಲ, ಅರಸನದೂ ಅಲ್ಲ, ಊರಿನದು. ಅದನ್ನು ಊರು ಹೇಗೆ ಉಳಿಸಿಕೊಂಡಿತು, ಹೇಗೆ ಕಳೆದುಕೊಂಡಿತು, ಮರಳಿ ಹೇಗೆ ಪಡೆಯಿತು ಎಂಬುದೇ ಈ ಭಾಷಣದ ವಿಷಯ.

ಮೊದಲು ನೆಲದ ಸ್ವರೂಪವನ್ನು ತಿಳಿಯೋಣ. ರೂಮಾನಿಯದಲ್ಲಿ ಸ್ಥಳೀಯ ಆಡಳಿತದ ಅತ್ಯಂತ ಕೆಳಗಿನ ಘಟಕಕ್ಕೆ ಕೊಮೂನ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ದೊಡ್ಡ ಹಳ್ಳಿಯೂ ಅದರ ಸುತ್ತಲ ಸಣ್ಣ ಹಳ್ಳಿಗಳೂ ಸೇರಿ ಒಂದು ಕೊಮೂನವಾಗುತ್ತದೆ. ನೆರೇಜು ಅಂತಹ ಐದು ಹಳ್ಳಿಗಳ ಕೊಮೂನ. ಅದರ ಪಶ್ಚಿಮಕ್ಕೆ ವ್ರಾಂಚದ ಬೆಟ್ಟಗಳು ಎದ್ದಿವೆ. ಅವುಗಳಲ್ಲಿ ಎತ್ತರವಾದ ಗೋರು ಶಿಖರವು ಸಮುದ್ರಮಟ್ಟದಿಂದ ಸುಮಾರು 1,780 ಮೀಟರ್, ಎಂದರೆ 5,800 ಅಡಿಗಳಿಗೂ ಮೀರಿ, ಎತ್ತರವಾಗಿದೆ. ಬೆಟ್ಟಗಳ ಕೆಳಮೈಯಲ್ಲಿ ಬೀಚ್ ಮರಗಳೂ, ಮೇಲಕ್ಕೆ ಹೋದಂತೆ ಸೂಜಿಯೆಲೆಯ ಫರ್ ಮತ್ತು ಸ್ಪ್ರೂಸ್ ಮರಗಳೂ, ನೆತ್ತಿಯಲ್ಲಿ ಹುಲ್ಲುಗಾವಲುಗಳೂ ಇರುವುವು. ಜಬಲ ಹೊಳೆಯು ಪುತ್ನ ನದಿಯನ್ನೂ, ಪುತ್ನ ನದಿಯು ಸಿರೇತ್ ಎಂಬ ದೊಡ್ಡ ನದಿಯನ್ನೂ ಸೇರಿ, ಕೊನೆಗೆ ಆ ನೀರೆಲ್ಲ ಡ್ಯಾನ್ಯೂಬಿನ ಮೂಲಕ ಸಮುದ್ರಕ್ಕೆ ಹೋಗುತ್ತದೆ. ಚಳಿಗಾಲವು ದೀರ್ಘ, ಹಿಮವು ತಿಂಗಳುಗಟ್ಟಲೆ ನಿಲ್ಲುತ್ತದೆ. ಉಳಲು ತಕ್ಕ ಭೂಮಿ ಬಹು ಸ್ವಲ್ಪ.

ಈ ನೆಲಕ್ಕೆ ಇನ್ನೊಂದು ಲಕ್ಷಣವೂ ಇದೆ. ವ್ರಾಂಚದ ಅಡಿಯಲ್ಲಿ, ಭೂಮಿಯೊಳಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮೇಲಿಂದಮೇಲೆ ಭೂಕಂಪಗಳು ಹುಟ್ಟುತ್ತವೆ. ಅಷ್ಟು ಆಳದಲ್ಲಿ ಹುಟ್ಟುವುದರಿಂದ ಅವುಗಳ ಅದಿರು ಬಹುದೂರ ಹರಡುತ್ತದೆ. 1940ನೆಯ ಇಸವಿ ನವೆಂಬರ್ 10ರ ಕಂಪನವು ಮಾಸ್ಕೋ ನಗರದವರೆಗೆ ತಿಳಿಯಿತು. 1977ನೆಯ ಇಸವಿ ಮಾರ್ಚ್ 4ರ ಕಂಪನದಲ್ಲಿ 1,500ಕ್ಕೂ ಮೀರಿ ಜನರು ಮಡಿದರು. ಅವರಲ್ಲಿ ಬಹುಪಾಲು ದೂರದ ಬುಕಾರೆಸ್ಟ್ ರಾಜಧಾನಿಯಲ್ಲಿದ್ದವರು.

ಇಂತಹ ಸ್ಥಳದಲ್ಲಿ ಜನರು ಬದುಕುವುದು ಹೇಗೆ? ಉಳುವ ನೆಲ ಕಡಮೆಯಾದಲ್ಲಿ ಮನುಷ್ಯನು ಕುರಿ, ದನ, ಮರ ಇವನ್ನು ನಂಬುತ್ತಾನೆ. ಬೇಸಗೆಯಲ್ಲಿ ಮಂದೆಗಳು ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಏರುವುವು, ಚಳಿಗಾಲಕ್ಕೆ ಕೆಳಗಿಳಿಯುವುವು. ಮನೆ, ಬೇಲಿ, ಪಾತ್ರೆ, ಕೊಳಲು, ಎಲ್ಲವೂ ಮರದವು. ಹೊಳೆಯ ನೀರಿನಿಂದ ತಿರುಗುವ ಗರಗಸಗಳಲ್ಲಿ ಹಲಗೆ ಕೊಯ್ಯುತ್ತಿದ್ದರು. ಬೆಟ್ಟದ ತಪ್ಪಲಲ್ಲಿ ಫೋಕ್ಷಾನ್ ಪಟ್ಟಣದ ಸುತ್ತ ದ್ರಾಕ್ಷಿಯ ತೋಟಗಳು ವಿಸ್ತಾರವಾಗಿವೆ. ಅಲ್ಲಿನವರಿಗೆ ಪೀಪಾಯಿಗಳೂ ಬಳ್ಳಿಗೆ ಊರುಗೋಲುಗಳೂ ಬೇಕು. ಬೆಟ್ಟದವರಿಗೆ ಮೆಕ್ಕೆಜೋಳ ಬೇಕು. ಹೀಗೆ ಗಾಡಿಗಳಲ್ಲಿ ಮರದ ಸಾಮಾನು ಕೆಳಗಿಳಿದು, ಧಾನ್ಯವು ಮೇಲೇರುತ್ತಿತ್ತು. ಕಾಡು ಹೋದರೆ ಊಟವೇ ಹೋದಂತೆ.

ಈ ಕಾಡನ್ನೂ ಹುಲ್ಲುಗಾವಲನ್ನೂ ಊರಿನವರು ಪಾಲುಮಾಡಿಕೊಳ್ಳದೆ ಒಟ್ಟಾಗಿ ಅನುಭವಿಸುತ್ತ ಬಂದರು. ಈ ಒಟ್ಟು ಒಡೆತನದ ಸಂಘಕ್ಕೆ ಅವರ ಭಾಷೆಯಲ್ಲಿ ಒಬ್ಶ್ತೆ ಎಂದು ಹೆಸರು; ಊರೊಟ್ಟು ಎಂಬ ನಮ್ಮ ಮಾತು ಅದಕ್ಕೆ ಹತ್ತಿರವಾದದ್ದು. ಇದನ್ನು ನಮ್ಮ ಗೋಮಾಳದಂತೆ ಎಣಿಸಬಾರದು. ಗೋಮಾಳವು ಸರ್ಕಾರದ ಭೂಮಿ. ಅಲ್ಲಿ ಹಳ್ಳಿಗರಿಗಿರುವುದು ದನ ಮೇಯಿಸುವ ಅನುಕೂಲ ಮಾತ್ರ. ಒಬ್ಶ್ತೆಯ ಕಾಡಿಗೆ ಊರೇ ಒಡೆಯ. ಹಿಂದಿನ ಕಾಲದಲ್ಲಿ, ಕಾಡು ಅಪಾರವಾಗಿಯೂ ಜನ ವಿರಳವಾಗಿಯೂ ಇದ್ದಾಗ, ಊರಿನ ಯಾವನಾದರೂ ತನ್ನ ಕೈಬಲದಿಂದ ಎಷ್ಟು ಸಾಧ್ಯವೋ ಅಷ್ಟನ್ನು ಉಪಯೋಗಿಸಬಹುದಾಗಿತ್ತು. ಮರದ ಬುಡದ ಸುತ್ತ ತೊಗಟೆಯನ್ನು ಬಳೆಯಂತೆ ಸುಲಿದುಬಿಟ್ಟರೆ ಮರವು ನಿಂತಲ್ಲಿಯೇ ಒಣಗುತ್ತದೆ. ಅದನ್ನು ಸುಟ್ಟು ನೆಲವನ್ನು ಹಸನುಮಾಡಿದವನಿಗೆ ಆ ತುಂಡಿನ ಮೇಲೆ ಅನುಭೋಗದ ಹಕ್ಕು ಬರುತ್ತಿತ್ತು. ದುಡಿಮೆಯಿಂದ ಹುಟ್ಟಿದ ಆ ಹಕ್ಕು, ಅವನು ಅದನ್ನು ಬಿಟ್ಟುಹೋದರೆ ಊರಿಗೆ ಹಿಂತಿರುಗುತ್ತಿತ್ತು.

ಕಾಗದಪತ್ರಗಳು ವಿರಳವಾಗಿದ್ದ ಕಾಲದಲ್ಲಿ ಎಲ್ಲೆಗಳನ್ನು ಕಾಯುತ್ತಿದ್ದುದು ಜನರ ನೆನಪು. ರೂಮಾನಿಯದ ಹಳ್ಳಿಗಳಲ್ಲಿ ಎಲ್ಲೆಕಲ್ಲು ನೆಡುವಾಗ ಹುಡುಗರನ್ನು ಕರೆದೊಯ್ದು, ಆ ಸ್ಥಳದಲ್ಲಿ ಅವರ ಕೂದಲನ್ನು ಹಿಡಿದೆಳೆಯುತ್ತಿದ್ದರಂತೆ. ನೋವಿನೊಡನೆ ಸ್ಥಳವೂ ಮನಸ್ಸಿನಲ್ಲಿ ನಿಂತು, ಮುದುಕನಾದ ಮೇಲೂ ಆತನು ಸಾಕ್ಷಿ ಹೇಳಲು ಸಮರ್ಥನಾಗಿರಲೆಂಬುದು ಇದರ ಉದ್ದೇಶ. ಎಲ್ಲೆಯ ವ್ಯಾಜ್ಯ ಹುಟ್ಟಿದಾಗ ಸಾಕ್ಷಿಯು ತಲೆಯ ಮೇಲೆ ಮಣ್ಣಿನ ಹೆಂಟೆಯನ್ನಿಟ್ಟುಕೊಂಡು, ಪ್ರಮಾಣಪೂರ್ವಕವಾಗಿ ಎಲ್ಲೆಯ ಗುಂಟ ನಡೆದು ತೋರಿಸುತ್ತಿದ್ದನು. ನಮ್ಮ ಧರ್ಮಶಾಸ್ತ್ರಗಳನ್ನು ಬಲ್ಲವರಿಗೆ ಇಲ್ಲಿ ಒಂದು ಆಶ್ಚರ್ಯವು ಕಾದಿದೆ. ಸೀಮಾವಿವಾದದಲ್ಲಿ ಸಾಕ್ಷಿಗಳು ಕೆಂಪು ಮಾಲೆಯನ್ನೂ ಕೆಂಪು ವಸ್ತ್ರವನ್ನೂ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯನ್ನು ನಿರ್ಣಯಿಸಬೇಕೆಂದು ಮನುವೂ ಯಾಜ್ಞವಲ್ಕ್ಯನೂ ವಿಧಿಸಿದ್ದಾರೆ. ಒಂದರಿಂದ ಇನ್ನೊಂದು ಬಂದಿತೆಂದು ಹೇಳಲು ಆಧಾರವಿಲ್ಲ. ಮಣ್ಣನ್ನು ಹೊತ್ತು ಸುಳ್ಳಾಡಬಾರದೆಂಬ ಭಾವನೆಯು ಎರಡು ಕಡೆಯ ಒಕ್ಕಲಿಗನಿಗೂ ಸಹಜವಾಗಿತ್ತೆಂದು ಮಾತ್ರ ಹೇಳಬಹುದು.

ಈ ಜನರ ಸ್ವಾತಂತ್ರ್ಯವು ಹಳೆಯದು. ಮೊಲ್ದಾವಿಯದ ಅರಸನಾಗಿದ್ದ ದಿಮಿತ್ರಿಯೆ ಕಾಂತೆಮಿರ್ ಎಂಬ ವಿದ್ವಾಂಸನು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಲ್ಯಾಟಿನ್ ಭಾಷೆಯಲ್ಲಿ ತನ್ನ ದೇಶದ ವರ್ಣನೆಯನ್ನು ಬರೆದನು. ಅದರಲ್ಲಿ ವ್ರಾಂಚವನ್ನು ಒಂದು ಬಗೆಯ ಗಣರಾಜ್ಯವೆಂದು ಹೇಳಿದ್ದಾನೆ. ಅಲ್ಲಿನವರು ಅರಸನಿಗೆ ವರ್ಷಕ್ಕೊಮ್ಮೆ ಕಪ್ಪ ಸಲ್ಲಿಸುತ್ತಾರೆ. ಉಳಿದ ವಿಷಯಗಳಲ್ಲಿ ತಮ್ಮ ಕಟ್ಟಳೆಯಂತೆ ತಾವೇ ನಡೆದುಕೊಳ್ಳುತ್ತಾರೆ ಎಂಬುದು ಅವನ ಮಾತಿನ ತಾತ್ಪರ್ಯ.

ಈ ಸ್ವಾತಂತ್ರ್ಯಕ್ಕೆ ಜನರು ಹೇಳುವ ಕಾರಣವೊಂದು ಕಥೆಯ ರೂಪದಲ್ಲಿದೆ. 1457ರಿಂದ 1504ರವರೆಗೆ ಮೊಲ್ದಾವಿಯವನ್ನಾಳಿದ ಮಹಾ ಸ್ಟೀಫನ್ ದೊರೆಯು ಒಮ್ಮೆ ಯುದ್ಧದಲ್ಲಿ ಸೋತು, ರಾತ್ರಿ ಒಬ್ಬ ಮುದುಕಿಯ ಮನೆಯ ಬಾಗಿಲಿಗೆ ಬಂದನಂತೆ. ಅವಳು ಅವನಿಗೆ ಆಶ್ರಯವಿತ್ತು, ತನ್ನ ಏಳು ಗಂಡುಮಕ್ಕಳನ್ನು ಜನ ಕೂಡಿಸಲು ಕಳುಹಿದಳಂತೆ. ಅವರ ನೆರವಿನಿಂದ ಗೆದ್ದ ದೊರೆಯು ಆ ಏಳು ಮಂದಿಗೆ ಏಳು ಬೆಟ್ಟಗಳನ್ನು ಕೊಟ್ಟನಂತೆ. ವ್ರಾಂಚದ ಹಳ್ಳಿಗಳು ಆ ಅಣ್ಣತಮ್ಮಂದಿರಿಂದ ಬೆಳೆದುವೆಂದು ಪ್ರತೀತಿ. ಚರಿತ್ರಕಾರರು ಇದನ್ನು ಕಥೆಯೆಂದೇ ಎಣಿಸುತ್ತಾರೆ. ಆದರೆ ಜನರು ತಮ್ಮ ಹಕ್ಕನ್ನು ಎಷ್ಟು ಪವಿತ್ರವೆಂದು ಭಾವಿಸಿದ್ದರೆಂಬುದಕ್ಕೆ ಕಥೆಯೂ ಒಂದು ಸಾಕ್ಷಿಯೇ ಸರಿ.

ಆ ಹಕ್ಕಿಗೆ ಮೊದಲ ಪೆಟ್ಟು 1801ರಲ್ಲಿ ಬಿದ್ದಿತು. ಆಗಿನ ದೊರೆಯು ಇಡೀ ವ್ರಾಂಚವನ್ನು ರೊಸೆತ್ ಮನೆತನದ ಒಬ್ಬ ಸಾಹುಕಾರ ಜಮೀನುದಾರನಿಗೆ ದತ್ತಿಯಾಗಿ ಕೊಟ್ಟುಬಿಟ್ಟನು. ಅಂದಿನಿಂದ ಸ್ವತಂತ್ರ ಒಕ್ಕಲುಗಳು ಒಬ್ಬನ ಗೇಣಿದಾರರಾಗಬೇಕಾಯಿತು. ಅವರು ಸುಮ್ಮನಿರಲಿಲ್ಲ. ಹಳ್ಳಿ ಹಳ್ಳಿಗಳು ಹಣ ಕೂಡಿಸಿ, ರಾಜಧಾನಿಯಾದ ಯಾಶ್ ನಗರಕ್ಕೆ ಪ್ರತಿನಿಧಿಗಳನ್ನು ಕಳುಹಿಸಿ, ಹದಿಮೂರು ವರ್ಷ ವ್ಯಾಜ್ಯ ನಡೆಸಿ, 1814ರಲ್ಲಿ ಗೆದ್ದರು. ಅನಂತರ ಬೆಟ್ಟಗಳನ್ನು ಹಳ್ಳಿಗಳ ನಡುವೆ ಹಂಚಿಕೊಳ್ಳುವಾಗ ಯಾವ ಹಳ್ಳಿ ಖರ್ಚಿಗೆ ಎಷ್ಟು ತೆತ್ತಿತೆಂಬುದನ್ನೂ ಲೆಕ್ಕಕ್ಕೆ ತಂದರು. ಹೀಗೆ ಒಂದೊಂದು ಹಳ್ಳಿಗೂ ಅದರದೇ ಆದ ಬೆಟ್ಟವಾಯಿತು. ಹಳ್ಳಿಯೊಳಗೆ ಮಾತ್ರ ಅದು ಪಾಲಾಗದೆ ಉಳಿಯಿತು.

ಎರಡನೆಯ ಪೆಟ್ಟು ಕೊಟ್ಟದ್ದು ಮರದ ವ್ಯಾಪಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ಬಂಡವಾಳದ ಮರದ ಕಂಪೆನಿಗಳು ಈ ಕಣಿವೆಗಳಿಗೆ ಬಂದುವು. ಓದುಬರಹವಿಲ್ಲದ ಹಳ್ಳಿಗರಿಂದ ಕಡಮೆ ಬೆಲೆಗೆ ಹಕ್ಕುಗಳನ್ನು ಬರೆಸಿಕೊಂಡರು. ಊರೊಳಗಿನ ಕೆಲವರೇ ದಲ್ಲಾಳಿಗಳಾಗಿ ನಿಂತರು. ಜಮೀನುದಾರನೊಬ್ಬನು ಹೊರಗಿನಿಂದ ಬಂದಾಗ ಊರೆಲ್ಲ ಒಂದಾಗಿತ್ತು; ಹಣವು ಮನೆಮನೆಯೊಳಕ್ಕೆ ಬಂದಾಗ ಊರು ಒಡೆಯಿತು. 1910ರ ಅರಣ್ಯಶಾಸನವು ಒಬ್ಶ್ತೆಗಳಿಗೆ ಕಾನೂನಿನ ಮನ್ನಣೆಯಿತ್ತು, ನಿಬಂಧನೆ, ಲೆಕ್ಕಪತ್ರ, ಆಡಳಿತ ಸಮಿತಿಗಳನ್ನು ಕಡ್ಡಾಯಮಾಡಿತು. ಮನ್ನಣೆ ಬರುವ ವೇಳೆಗೆ ಬಹಳ ಮರಗಳು ಬಿದ್ದುಹೋಗಿದ್ದುವು.

ಈ ಸ್ಥಿತಿಯಲ್ಲಿದ್ದ ನೆರೇಜಿಗೆ 1927ರಲ್ಲಿ ಬುಕಾರೆಸ್ಟಿನಿಂದ ವಿದ್ವಾಂಸರ ಒಂದು ತಂಡ ಬಂದಿತು. ಅದರ ನಾಯಕರು ಪ್ರೊಫೆಸರ್ ದಿಮಿತ್ರಿಯೆ ಗುಸ್ತಿ. ಸಮಾಜವನ್ನು ತಿಳಿಯಬೇಕಾದರೆ ಒಂದು ಹಳ್ಳಿಯನ್ನು ಎಲ್ಲ ಮುಖಗಳಿಂದಲೂ ಒಟ್ಟಿಗೆ ನೋಡಬೇಕೆಂಬುದು ಅವರ ಸಿದ್ಧಾಂತ. ನೆಲ, ದೇಹ, ಚರಿತ್ರೆ, ಮನಸ್ಸು ಇವು ನಾಲ್ಕು ಚೌಕಟ್ಟುಗಳು. ಆರ್ಥಿಕ, ಆಧ್ಯಾತ್ಮಿಕ, ರಾಜಕೀಯ, ನೈತಿಕ ಹಾಗೂ ನ್ಯಾಯಿಕ ಜೀವನಗಳು ನಾಲ್ಕು ಪ್ರಕಾಶಗಳು ಎಂದು ಅವರು ವಿಂಗಡಿಸಿದ್ದರು. ಗುಸ್ತಿಯವರ ಶಿಷ್ಯರಾದ ಹೆನ್ರಿ ಸ್ಟಾಲ್ ಅವರು 1938ರಲ್ಲಿ ನಡೆದ ಎರಡನೆಯ ಪರಿಶೀಲನೆಯ ಬಳಿಕ, 1939ರಲ್ಲಿ, ನೆರೇಜನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಮೂರು ಸಂಪುಟಗಳ ಗ್ರಂಥವನ್ನು ಹೊರತಂದರು. ಹಳ್ಳಿಯೊಂದರ ವಿಷಯದಲ್ಲಿ ಇಷ್ಟು ಸಮಗ್ರವಾದ ಅಧ್ಯಯನ ಅಪೂರ್ವ.

ಅವರು ಕಂಡ ಆಚಾರಗಳಲ್ಲಿ ಒಂದನ್ನು ಹೇಳದೆ ಬಿಡಲಾಗದು. ನೆರೇಜಿನಲ್ಲಿ ಯಾರಾದರೂ ಸತ್ತರೆ, ಹೂಳುವ ಮುನ್ನ ರಾತ್ರಿಯೆಲ್ಲ ನೆರೆಹೊರೆಯವರು ಹೆಣವನ್ನು ಕಾಯುವರು. ಅಂಗಳದಲ್ಲಿ ದೊಡ್ಡ ಬೆಂಕಿ ಉರಿಯುತ್ತಿರುತ್ತದೆ. ಮರದಿಂದಲೂ ಕುರಿಯ ತೊಗಲಿನಿಂದಲೂ ಮಾಡಿದ ಮುದುಕರ ಮುಖವಾಡಗಳನ್ನು ಧರಿಸಿದ ಗಂಡಸರು ಬಂದು ಬೆಂಕಿಯ ಸುತ್ತ ಕುಣಿಯುವರು, ನಗಿಸುವರು, ಒರಟು ವಿನೋದಗಳನ್ನಾಡುವರು. ಹೊರಗಿನವರಿಗೆ ಇದು ಅನುಚಿತವಾಗಿ ತೋರಬಹುದು. ಆದರೆ ಆ ರಾತ್ರಿ ಸತ್ತವನೂ ಒಂಟಿಯಲ್ಲ, ದುಃಖಪಡುವವರೂ ಒಂಟಿಯಲ್ಲ. ಕಾಡನ್ನು ಒಟ್ಟಾಗಿಟ್ಟುಕೊಂಡ ಜನ ಸಾವನ್ನೂ ಒಟ್ಟಾಗಿಯೇ ಎದುರಿಸುತ್ತಿದ್ದರು.

ಮೂರನೆಯ ಪೆಟ್ಟು 1948ರದು. ಹೊಸದಾಗಿ ಅಧಿಕಾರಕ್ಕೆ ಬಂದ ಕಮ್ಯೂನಿಸ್ಟ್ ಸರ್ಕಾರವು ಕಾಡುಗಳನ್ನೆಲ್ಲ ರಾಷ್ಟ್ರದ ಸ್ವತ್ತೆಂದು ಸಾರಿತು. ಜನರ ಹೆಸರಿನಲ್ಲಿ ಆಳಿದ ಸರ್ಕಾರವೇ ಜನರು ನಿಜವಾಗಿ ಒಟ್ಟಾಗಿ ಹಿಡಿದಿದ್ದ ಆಸ್ತಿಯನ್ನು ಕಿತ್ತುಕೊಂಡದ್ದು ವಿಚಿತ್ರವಾದ ಸಂಗತಿ. ಅದೇ ಕಾಲದಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಸಮಾಜಶಾಸ್ತ್ರದ ಬೋಧನೆಯೂ ನಿಂತುಹೋಯಿತು. ಆದರೂ ಸ್ಟಾಲ್ ಅವರು ಒಟ್ಟು ಒಡೆತನದ ಹಳ್ಳಿಗಳ ವಿಷಯವನ್ನು ಕೈಬಿಡದೆ, 1958ರಿಂದ 1965ರವರೆಗೆ ಅದರ ಮೇಲೆ ಮತ್ತೆ ಮೂರು ಸಂಪುಟಗಳನ್ನು ಪ್ರಕಟಿಸಿದರು. ನಾಲ್ಕು ದಶಕಗಳ ಕಾಲ ನೆರೇಜಿನವರು ತಮ್ಮದೇ ಕಾಡಿನಲ್ಲಿ ಸರ್ಕಾರದ ಕೂಲಿಗಳಾದರು.

1989ರಲ್ಲಿ ಆ ಪ್ರಭುತ್ವವು ಉರುಳಿತು. 1991ರ ಭೂಶಾಸನವು ಕಾಡಿನ ಮಾಲೀಕರಿಗೆ ತಲಾ ಒಂದು ಹೆಕ್ಟೇರಿನವರೆಗೆ ಮಾತ್ರ ಹಿಂದಿರುಗಿಸಲು ಒಪ್ಪಿತು. ಒಂದೊಂದು ತುಂಡಿನಿಂದ ಒಬ್ಶ್ತೆ ಬದುಕಲಾರದು. ಕೊನೆಗೆ 2000ದ ಒಂದನೆಯ ನಂಬರಿನ ಶಾಸನವು ಒಟ್ಟು ಕಾಡನ್ನು ಒಟ್ಟಾಗಿಯೇ ಮರಳಿಸಲು ಅವಕಾಶಮಾಡಿತು. ಅರ್ಧ ಶತಮಾನದ ಮೇಲೆ, ಹಳೆಯ ಸಭೆಗಳನ್ನು ಕಣ್ಣಾರೆ ಕಂಡ ಕೆಲವೇ ಮುದುಕರು ಉಳಿದಿದ್ದಾಗ, ವ್ರಾಂಚದ ಹಳ್ಳಿಗಳಲ್ಲಿ ಒಬ್ಶ್ತೆಗಳು ಪುನಃ ಕೂಡಿದುವು. ರೂಮಾನಿಯದ ಬೇರೆ ಪ್ರಾಂತಗಳಲ್ಲಿ ಈ ಹಕ್ಕು ತಂದೆಯಿಂದ ಮಗನಿಗೆ ಹೆಚ್ಚುಕಡಮೆಯ ಪಾಲುಗಳಾಗಿ ಬರುತ್ತದೆ. ವ್ರಾಂಚದಲ್ಲಿ ಹಾಗಲ್ಲ. ಊರಿನಲ್ಲಿ ವಾಸಿಸುವ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಸಮಾನ ಹಕ್ಕು, ತಲೆಗೊಂದು ವೋಟು. ಊರು ಬಿಟ್ಟವರಿಗೆ ಹಕ್ಕಿಲ್ಲ. ಕಾಡಿನ ಉತ್ಪನ್ನದಲ್ಲಿ ಮನೆಗಳಿಗೆ ಸೌದೆ, ನಾಟಾ ಸಲ್ಲುವುದಲ್ಲದೆ, ಶಾಲೆ, ರಸ್ತೆ, ಚರ್ಚು ಮೊದಲಾದುವಕ್ಕೂ ಹಣ ಸಲ್ಲುತ್ತದೆ.

ಇಷ್ಟಕ್ಕೆ ಎಲ್ಲವೂ ಸುಖಾಂತವಾಯಿತೆನ್ನುವಂತಿಲ್ಲ. ಈ ಪ್ರಾಂತದಲ್ಲಿ ಕಳ್ಳತನದಿಂದ ಮರ ಕಡಿಯುವುದು ಸಾಮಾನ್ಯವಾದ ದೂರು. ಆಡಳಿತ ಸಮಿತಿಗಳು ಲೆಕ್ಕವನ್ನು ಸರಿಯಾಗಿ ಒಪ್ಪಿಸುವುದಿಲ್ಲವೆಂಬ ಅಸಮಾಧಾನವನ್ನು ಸಂಶೋಧಕರು ಹಲವು ಹಳ್ಳಿಗಳಲ್ಲಿ ಕೇಳಿದ್ದಾರೆ. 2007ರಲ್ಲಿ ರೂಮಾನಿಯವು ಯೂರೋಪು ಒಕ್ಕೂಟವನ್ನು ಸೇರಿದ ಮೇಲೆ ತರುಣರು ಇಟಲಿ, ಸ್ಪೇನ್ ಮೊದಲಾದ ದೇಶಗಳಿಗೆ ದುಡಿಮೆಗಾಗಿ ಹೋಗುವುದು ಇನ್ನೂ ಸುಲಭವಾಯಿತು. ಊರಿನಲ್ಲಿ ವಾಸಿಸುವವನಿಗೇ ಹಕ್ಕೆಂಬ ನಿಯಮಕ್ಕೆ ಇದು ಹೊಸ ಪರೀಕ್ಷೆ. ಹೊರಗೆ ದುಡಿದು, ಊರಿನಲ್ಲಿ ಮನೆ ಕಟ್ಟಿಸಿ, ವರ್ಷಕ್ಕೊಮ್ಮೆ ಬರುವವನು ಊರಿನವನೋ ಅಲ್ಲವೋ? ಇದಕ್ಕೆ ಯಾವ ಶಾಸನವೂ ಉತ್ತರ ಕೊಡಲಾರದು, ಸಭೆಯೇ ಕೊಡಬೇಕು.

ದೊರೆಯ ದತ್ತಿಯನ್ನು ನೆರೇಜಿನ ಹಿರಿಯರು ನ್ಯಾಯಾಲಯದಲ್ಲಿ ಎದುರಿಸಿದರು. ಸರ್ಕಾರದ ಒಡೆತನವನ್ನು ನೆನಪಿನಿಂದ ಎದುರಿಸಿ, ಐವತ್ತು ವರ್ಷ ಕಾದರು. ಅವರನ್ನು ಹೆಚ್ಚು ಸುಲಭವಾಗಿ ಸೋಲಿಸಿದ್ದು ಕಂಪೆನಿಯ ಚಿಲ್ಲರೆ ಹಣ. ಏಕೆಂದರೆ ಆಗ ಒಬ್ಬೊಬ್ಬನೂ ಬೇರೆಬೇರೆಯಾಗಿ ಸಹಿಹಾಕಿದನು. ಒಟ್ಟಿನ ಆಸ್ತಿಯನ್ನು ಕಾಯುವುದು ಬೇಲಿಯಲ್ಲ, ಕಾಗದವೂ ಅಲ್ಲ. ವರ್ಷವರ್ಷವೂ ಜನರು ಒಂದೆಡೆ ಕೂಡಿ, ಜಗಳವಾಡಿಯಾದರೂ, ಲೆಕ್ಕ ಕೇಳುವ ಅಭ್ಯಾಸವೇ ಅದರ ಕಾವಲು. ಆ ಅಭ್ಯಾಸವಿರುವವರೆಗೆ ಜಬಲ ಹೊಳೆಯ ಮೇಲಣ ಕಾಡು ಊರಿನದಾಗಿಯೇ ಉಳಿದೀತು.