ಅಯೋಡಿನ್ ನಾಟದಿದ್ರ ಮುಂದೇನು?

ನಾನು ಅಥಣಿ ತಾಲ್ಲೂಕಿನ ಐಗಳಿಯವಳು. ನನ್ನ ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬೈತಿ. "ಥೈರಾಯ್ಡ್ ಅಲ್ಲೇನು, ಗುಳಿಗಿ ನುಂಗಿದ್ರ ಆತು" ಅಂತಾರ ಮಂದಿ. ಅದು ಬ್ಯಾರೆ, ಇದು ಬ್ಯಾರೆ.

ಥೈರಾಯ್ಡ್ ಜೀವಕೋಶಗಳು ಅಯೋಡಿನ್ ಹೀರುತ್ತವೆ. ಅದಕ್ಕೇ ವಿಕಿರಣ ಸೂಸುವ ಅಯೋಡಿನ್-131 ಕೊಟ್ಟು ಕ್ಯಾನ್ಸರ್ ಸುಡ್ತಾರ. ನನ್ನ ಗಡ್ಡೆಗಳು ಈಗ ಅದನ್ನ ಹೀರೋದು ಬಿಟ್ಟಾವ.

ಹಂಗಂತ ದಾರಿ ಮುಗಿದಿಲ್ಲ. ಸೊರಾಫೆನಿಬ್, ಲೆನ್ವಾಟಿನಿಬ್ ಗುಳಿಗಿ ಅದಾವ. ಪೂರ್ತಿ ಗುಣ ಮಾಡಂಗಿಲ್ಲ, ಬೆಳವಣಿಗೆ ತಡೀತಾವ. ಆದ್ರ ಬಿಪಿ ಏರಬಹುದು, ಅಂಗೈ-ಅಂಗಾಲು ಉರೀಬಹುದು. ಗಡ್ಡೆ ನಿಧಾನ ಬೆಳೀತಿದ್ರ, ಸ್ಕ್ಯಾನ್ ಮಾಡ್ಕೋತ ಕಾಯೋದೂ ಒಂದು ದಾರಿ.

ಗುಳಿಗಿ ಶುರು ಮಾಡಲ್ಯೋ, ಕಾಯಲ್ಯೋ? ಈಗ ನನ್ನ ಮುಂದಿರೋದು ಇದೇ ಪ್ರಶ್ನೆ. ಬಯಾಪ್ಸಿ ಬ್ಲಾಕ್ ತಗೊಂಡು ಮುಂಬೈ ಟಾಟಾಕ್ಕ ಎರಡನೇ ಅಭಿಪ್ರಾಯ ಕೇಳಾಕ ಹೊಂಟೀನಿ. ನೀವೂ ಡಾಕ್ಟರಿಗೆ ಕೇಳ್ರಿ: ಇದು ಯಾವ ನಮೂನಿ ಕ್ಯಾನ್ಸರ್? ಜೀನ್ ಪರೀಕ್ಷೆ ಆಗೈತೇನು? ಕೇಳಾಕ ಅಂಜಬ್ಯಾಡ್ರಿ.